ಊರಿನ ಮನೆಯ ಕ್ಯಾಮೆರಾ: ಕೀಲಿ ಯಾರ ಕೈಯಲ್ಲಿದೆ?



ಒಂದು ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ನಿಮ್ಮಲ್ಲಿ ಎಷ್ಟು ಜನ ಊರಿನ ಮನೆಗೆ ಸಿಸಿಟಿವಿ ಹಾಕಿಸಿದ್ದೀರಿ? ಕೈ ಎತ್ತಿ ನೋಡೋಣ. ಹಾಂ, ಅರ್ಧಕ್ಕಿಂತ ಜಾಸ್ತಿನೇ ಇದ್ದೀರಿ. ಸಹಜ. ಅಪ್ಪ ಅಮ್ಮ ಶಿರಸಿಯಲ್ಲೋ ಗದಗದಲ್ಲೋ ತಿಪಟೂರಿನಲ್ಲೋ ಇಬ್ಬರೇ ಇರ್ತಾರೆ, ನಾವು ಪುಣೆ, ಹೈದರಾಬಾದ್, ಚೆನ್ನೈ ಅಂತ ಬಂದು ಕೂತಿದ್ದೀವಿ. ಎರಡು ಸಲ ಫೋನ್ ಮಾಡಿದ್ರೂ ಎತ್ತಲಿಲ್ಲ ಅಂದ್ರೆ ಮೀಟಿಂಗ್ ಮಧ್ಯೆ ಮೆಲ್ಲಗೆ ಆ್ಯಪ್ ತೆಗೀತೀವಿ. ಅಮ್ಮ ಹಿತ್ತಲಲ್ಲಿ ಬಟ್ಟೆ ಒಣಗಿಸ್ತಿರೋದು ಕಂಡರೆ ಜೀವಕ್ಕೆ ಸಮಾಧಾನ.

ಈಗ ಎರಡನೇ ಪ್ರಶ್ನೆ. ಆ ಕ್ಯಾಮೆರಾದ ಅಡ್ಮಿನ್ ಪಾಸ್‌ವರ್ಡ್ ಏನು ಅಂತ ಎಷ್ಟು ಜನಕ್ಕೆ ಗೊತ್ತು? ವೈಫೈ ಪಾಸ್‌ವರ್ಡ್ ಅಲ್ಲ, ಆ್ಯಪ್‌ನದ್ದೂ ಅಲ್ಲ. ಕ್ಯಾಮೆರಾ ಅಥವಾ ಡಿವಿಆರ್ ಪೆಟ್ಟಿಗೆಯ ಅಡ್ಮಿನ್ ಪಾಸ್‌ವರ್ಡ್.

ಈಗ ನಾಲ್ಕೇ ಕೈ ಕಾಣ್ತಾ ಇವೆ. ಇವತ್ತಿನ ಮಾತೆಲ್ಲ ಈ ಎರಡು ಲೆಕ್ಕಗಳ ನಡುವಿನ ಅಂತರದ ಬಗ್ಗೆ. ಆಫೀಸಿನಲ್ಲಿ ನಾವು ಲ್ಯಾಪ್‌ಟಾಪ್ ತೆರೆಯೋಕೆ ಒಂದು ಪಾಸ್‌ವರ್ಡ್, ಆಮೇಲೆ ಫೋನಿಗೆ ಬರೋ ಕೋಡ್, ಆಮೇಲೆ ವಿಪಿಎನ್, 90 ದಿನಕ್ಕೊಮ್ಮೆ ಬದಲಾವಣೆ, ಇಷ್ಟನ್ನೂ ಗೊಣಗಿಕೊಂಡು ಮಾಡ್ತೀವಿ. ಕಂಪನಿಯ ಸ್ಪ್ರೆಡ್‌ಶೀಟಿಗೆ ಅಷ್ಟು ಕಾವಲು. ಅಮ್ಮ ಓಡಾಡೋ ಹಜಾರಕ್ಕೆ ಏನು ಕಾವಲು?

ರಾಜಕೋಟ್‌ನಲ್ಲಿ ಆದದ್ದನ್ನ ಹೇಳ್ತೀನಿ. 2025ರ ಫೆಬ್ರವರಿಯಲ್ಲಿ ಅಲ್ಲಿನ ಒಂದು ಹೆರಿಗೆ ಆಸ್ಪತ್ರೆಯೊಳಗಿನ ಸಿಸಿಟಿವಿ ದೃಶ್ಯಗಳು ಯೂಟ್ಯೂಬ್‌ನಲ್ಲಿ ಕಾಣಿಸಿಕೊಂಡವು. ವೈದ್ಯರ ಮುಂದೆ ತಪಾಸಣೆಗೆ ಮಲಗಿದ್ದ ಹೆಣ್ಣುಮಕ್ಕಳ ದೃಶ್ಯಗಳು. ಯೂಟ್ಯೂಬ್‌ನಲ್ಲಿ ಇದ್ದದ್ದು ಬರೀ ತುಣುಕು. ಪೂರ್ತಿ ಬೇಕಾದವರು ಟೆಲಿಗ್ರಾಂಗೆ ಹೋಗಿ ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ಪೊಲೀಸರು ಬೆನ್ನು ಹತ್ತಿದಾಗ ಇದು ಒಂದು ಆಸ್ಪತ್ರೆಯ ಕಥೆ ಅಲ್ಲ ಅಂತ ಗೊತ್ತಾಯ್ತು. ಹಲವು ರಾಜ್ಯಗಳ ಆಸ್ಪತ್ರೆ, ಶಾಲೆ, ಕಚೇರಿಗಳ ಜೊತೆಗೆ ಮನೆಗಳ ಮಲಗೋ ಕೋಣೆಯ ಕ್ಯಾಮೆರಾಗಳೂ ಆ ಸರಕಿನಲ್ಲಿದ್ದವು. ಆ ಆಸ್ಪತ್ರೆಯ ಕ್ಯಾಮೆರಾ ವ್ಯವಸ್ಥೆಗೆ ಇದ್ದ ಪಾಸ್‌ವರ್ಡ್ 'ಅಡ್ಮಿನ್123' ಅಂತ ಪತ್ರಿಕೆಗಳಲ್ಲಿ ಬಂತು.

ಹ್ಯಾಕರ್ ಅಂದ ಕೂಡಲೇ ಸಿನಿಮಾ ನೆನಪಾಗುತ್ತೆ, ಕಪ್ಪು ಪರದೆ ಮೇಲೆ ಹಸಿರು ಅಕ್ಷರ ಸುರೀತಾ ಇರುತ್ತೆ. ಇಲ್ಲಿ ಅಂಥದ್ದೇನೂ ಬೇಕಾಗಲಿಲ್ಲ. ಬಾಗಿಲಿಗೆ ಬೀಗ ಇತ್ತು, ಆದರೆ ಕೀಲಿ ಅಂಗಡಿಯಲ್ಲಿ ಎಲ್ಲರಿಗೂ ಸಿಗೋ ಕೀಲಿ. ಅದಕ್ಕೇ ನಾನು ಈ ವಿಷಯವನ್ನ 'ಸೈಬರ್ ಭದ್ರತೆ' ಅನ್ನೋ ದೊಡ್ಡ ಹೆಸರಿನಿಂದ ಕರೆಯಲ್ಲ. ಕೀಲಿ ಯಾರ್ ಯಾರ ಹತ್ರ ಇದೆ ಅನ್ನೋ ಲೆಕ್ಕ, ಅಷ್ಟೇ.

ಊರಲ್ಲಿ ಕ್ಯಾಮೆರಾ ಹೇಗೆ ಬರುತ್ತೆ ನೆನಪು ಮಾಡ್ಕೊಳ್ಳಿ. ನಾವು ಇಲ್ಲಿಂದ ದುಡ್ಡು ಕಳಿಸ್ತೀವಿ. ಪೇಟೆಯಲ್ಲಿ ಸಿಸಿಟಿವಿ ಹಾಕೋ ಒಬ್ಬ ಹುಡುಗ ಇರ್ತಾನೆ, ಒಳ್ಳೆಯವನು, ಕೆಲಸ ಬಲ್ಲವನು. ನಾಲ್ಕು ಕ್ಯಾಮೆರಾ, ಒಂದು ಡಿವಿಆರ್, ಒಂದು ಹಾರ್ಡ್‌ಡಿಸ್ಕ್ ತಂದು ಮಧ್ಯಾಹ್ನದೊಳಗೆ ಎಲ್ಲಾ ಕಟ್ಟಿ ಮುಗಿಸ್ತಾನೆ. ಪಾಸ್‌ವರ್ಡ್ ಕೇಳೋ ಹೊತ್ತಿಗೆ ಅಪ್ಪ 'ನೀನೇ ಏನಾದ್ರೂ ಹಾಕಪ್ಪ' ಅಂತಾರೆ. ಅವನು ತಾಲ್ಲೂಕಿನ ಎಲ್ಲಾ ಮನೆಗೂ ಹಾಕೋ ಒಂದೇ ಪಾಸ್‌ವರ್ಡ್ ಹಾಕ್ತಾನೆ. ನಾಳೆ ರಿಪೇರಿಗೆ ಬಂದಾಗ ನೆನಪಿರಬೇಕಲ್ಲ, ಅವನ ದೃಷ್ಟಿಯಲ್ಲಿ ಅದು ಸರಿಯೇ. ಆಮೇಲೆ ತನ್ನ ಮೊಬೈಲಿನಲ್ಲಿ ಆ್ಯಪ್ ತೆರೆದು, ಡಿವಿಆರ್ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಅಲ್ಲಿಂದ ನಿಮಗೆ 'ಶೇರ್' ಮಾಡ್ತಾನೆ. ನಿಮ್ಮ ಫೋನಲ್ಲಿ ಚಿತ್ರ ಬರುತ್ತೆ, ನೀವು ಖುಷಿಯಾಗಿ ಜಿಪೇ ಮಾಡ್ತೀರಿ.

ಈ 'ಶೇರ್' ಅನ್ನೋ ಪದದ ಹತ್ರ ಸ್ವಲ್ಪ ನಿಲ್ಲೋಣ. ಇಂಥ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಒಂದು ಸಾಧನಕ್ಕೆ ಒಬ್ಬನೇ ಮಾಲೀಕ. ಮೊದಲು ಯಾರ ಅಕೌಂಟಿಗೆ ಸೇರಿಸಿದ್ರೋ ಅವರು ಮಾಲೀಕರು, ಉಳಿದವರೆಲ್ಲ ಅತಿಥಿಗಳು. ಹಾಗಾಗಿ ನಿಮ್ಮ ಮನೆಯ ಕ್ಯಾಮೆರಾಕ್ಕೆ ನೀವು ಅತಿಥಿ, ಆ ಹುಡುಗ ಮಾಲೀಕ. ಅವನು ನೋಡ್ತಾನೆ ಅಂತ ನಾನು ಹೇಳ್ತಿಲ್ಲ. ಬಹುಶಃ ಅವನಿಗೆ ಪುರುಸೊತ್ತೂ ಇರಲ್ಲ. ಆದರೆ ಅವನ ಫೋನ್ ಕಳೆದುಹೋದರೆ? ಎಕ್ಸ್‌ಚೇಂಜ್‌ನಲ್ಲಿ ಮಾರಿದರೆ? ಆ ಒಂದು ಪಾಸ್‌ವರ್ಡ್ ಒಂದು ಮನೆಯಿಂದ ಹೊರಬಿದ್ದರೆ? ಅವನು ಕಟ್ಟಿದ ಅಷ್ಟೂ ಮನೆಗಳ ಬಾಗಿಲು ಒಟ್ಟಿಗೇ ತೆರೆಯುತ್ತೆ.

ಈಗ 2016ಕ್ಕೆ ಹೋಗೋಣ, ಯಾಕಂದ್ರೆ ಫ್ಯಾಕ್ಟರಿ ಪಾಸ್‌ವರ್ಡಿನ ತಾಕತ್ತನ್ನ ಜಗತ್ತಿಗೆ ತೋರಿಸಿದ್ದು ಆ ವರ್ಷ. ಮಿರಾಯ್ ಹೆಸರು ಇಲ್ಲಿ ಕೆಲವರು ಕೇಳಿರ್ತೀರಿ. ಅದು ಮಾಡ್ತಿದ್ದ ಕೆಲಸ ತುಂಬಾ ಸರಳ. ಇಂಟರ್ನೆಟ್ಟಿನಲ್ಲಿ ಕಂಡ ಕಂಡ ಐಪಿ ವಿಳಾಸಗಳ ಟೆಲ್‌ನೆಟ್ ಪೋರ್ಟ್ ತಟ್ಟೋದು, ಅಂದ್ರೆ 23 ಮತ್ತು 2323. ಯಾರಾದ್ರೂ ಓಗೊಟ್ಟರೆ ತನ್ನ ಹತ್ರ ಇರೋ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳನ್ನ ಪ್ರಯತ್ನಿಸೋದು. ಅಡ್ಮಿನ್-ಅಡ್ಮಿನ್, ರೂಟ್-ರೂಟ್, ಇಂಥವು. ಎಲ್ಲಾ ಫ್ಯಾಕ್ಟರಿಯಲ್ಲಿ ಹಾಕಿ ಕಳಿಸಿದ ಪಾಸ್‌ವರ್ಡುಗಳೇ. ಒಳಗೆ ಹೋದ ಮೇಲೆ ಆ ಕ್ಯಾಮೆರಾ ತಾನೇ ಇನ್ನಷ್ಟು ಮನೆಗಳ ಬಾಗಿಲು ತಟ್ಟೋಕೆ ಶುರು ಮಾಡ್ತಿತ್ತು. ಹೀಗೆ ಬೆಳೆದು ಒಂದು ಹಂತದಲ್ಲಿ ಸುಮಾರು 6 ಲಕ್ಷ ಸಾಧನಗಳು ಅದರ ಕೈವಶ ಆಗಿದ್ದವು. ಕ್ಯಾಮೆರಾ, ಡಿವಿಆರ್, ರೌಟರ್, ಇವೇ.

ಆ ವರ್ಷ ಅಕ್ಟೋಬರ್ 21ರಂದು ಡೈನ್ ಅನ್ನೋ ಡಿಎನ್‌ಎಸ್ ಕಂಪನಿಯ ಮೇಲೆ ಇಂಥ ಸಾಧನಗಳನ್ನ ಛೂ ಬಿಟ್ಟಾಗ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್, ರೆಡಿಟ್, ಸ್ಪಾಟಿಫೈ ಗಂಟೆಗಟ್ಟಲೆ ತೆವಳಿದವು. ಮಿರಾಯ್ ಬರೆದವರು ಯಾವ ದೇಶದ ಸೈನ್ಯದವರೂ ಅಲ್ಲ. ಕಾಲೇಜು ವಯಸ್ಸಿನ ಮೂವರು ಅಮೆರಿಕನ್ ಹುಡುಗರು: ಪರಾಸ್ ಝಾ, ಜೋಸಯಾ ವೈಟ್, ಡಾಲ್ಟನ್ ನಾರ್ಮನ್. ಮೈನ್‌ಕ್ರಾಫ್ಟ್ ಆಟದ ಸರ್ವರ್‌ಗಳ ವ್ಯಾಪಾರದ ಜಗಳದಲ್ಲಿ ಇದು ಹುಟ್ಟಿದ್ದು. 2017ರ ಡಿಸೆಂಬರ್‌ನಲ್ಲಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ್ರು. ಆದರೆ ಅಷ್ಟರಲ್ಲಿ ಕೋಡ್ ಬಹಿರಂಗ ಆಗಿತ್ತು, ಅದರ ಮರಿಗಳು ಇವತ್ತಿಗೂ ಓಡಾಡ್ತಾ ಇವೆ.

ಒಂದು ಸ್ವಾರಸ್ಯ ನೋಡಿ. ಮಿರಾಯ್ ಇದ್ದದ್ದು ಸಾಧನದ ಮೆಮೊರಿಯಲ್ಲಿ ಮಾತ್ರ. ಕರೆಂಟ್ ಹೋಗಿ ಬಂದರೆ ಸಾಕು, ಅಳಿಸಿ ಹೋಗ್ತಿತ್ತು. ಲೋಡ್ ಶೆಡ್ಡಿಂಗ್ ಇರೋ ನಮ್ಮೂರಿಗೆ ಅದು ವರವೇ ಆಗಬೇಕಿತ್ತು! ಆದರೆ ಪಾಸ್‌ವರ್ಡ್ ಹಳೇದೇ ಇದ್ದರೆ ಕರೆಂಟ್ ಬಂದ ಕೆಲವೇ ನಿಮಿಷದಲ್ಲಿ ಮತ್ತೆ ಅಂಟಿಕೊಳ್ತಿತ್ತು.

ಇದು ಅಮೆರಿಕದ ಕಥೆ ಅನ್ಕೋಬೇಡಿ. 2017ರ ಜುಲೈನಲ್ಲಿ ನಮ್ಮ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಗ್ರಾಹಕರ ಸಾವಿರಾರು ಮೋಡೆಮ್‌ಗಳು ಮಾಲ್‌ವೇರ್ ಬಡಿದು ಕೆಲಸ ನಿಲ್ಲಿಸಿದವು. ಯಾರ ಮೋಡೆಮ್‌ನ ಪಾಸ್‌ವರ್ಡ್ 'ಅಡ್ಮಿನ್' ಅಂತಲೇ ಉಳಿದಿತ್ತೋ ಅವರದ್ದು. ಪಾಸ್‌ವರ್ಡ್ ಬದಲಾಯಿಸಿ ಅಂತ ಸಂಸ್ಥೆ ಗ್ರಾಹಕರಿಗೆ ಕೇಳಿಕೊಳ್ಳಬೇಕಾಯ್ತು. ಎಷ್ಟು ಜನ ಬದಲಾಯಿಸಿರಬಹುದು ನೀವೇ ಊಹಿಸಿ. ಮೋಡೆಮ್‌ಗೆ ಅಂಥ ಒಂದು ಪುಟ ಇದೆ ಅಂತಲೇ ನಮ್ಮ ಮನೆಯ ಹಿರಿಯರಿಗೆ ಗೊತ್ತಿರಲ್ಲ.

ಇಲ್ಲಿ ನೆಟ್‌ವರ್ಕಿಂಗ್ ಬಲ್ಲವರು ಒಂದು ತಕರಾರು ತೆಗೀತಾರೆ, ನ್ಯಾಯವಾದದ್ದೇ. 'ಈಗ ಮನೆ ಫೈಬರ್ ಕನೆಕ್ಷನ್‌ಗಳಲ್ಲಿ ಹೆಚ್ಚಿನವು ಸಿಜಿನ್ಯಾಟ್ ಹಿಂದೆ ಇರುತ್ತವೆ, ಒಂದು ಪಬ್ಲಿಕ್ ಐಪಿಯನ್ನ ನೂರಾರು ಮನೆ ಹಂಚಿಕೊಳ್ತವೆ, ಹೊರಗಿನಿಂದ ಯಾರೂ ನೇರವಾಗಿ ತಟ್ಟೋಕೆ ಆಗಲ್ಲ' ಅಂತ. ನಿಜ, ಅದೊಂದು ಆಕಸ್ಮಿಕ ರಕ್ಷಣೆ. ಆದರೆ ಮೂರು ಕಡೆ ಅದು ಸೋರುತ್ತೆ. ಡಿವಿಆರ್‌ಗೋಸ್ಕರ ಸ್ಟ್ಯಾಟಿಕ್ ಐಪಿ ತಗೊಂಡು ಪೋರ್ಟ್ ಫಾರ್ವರ್ಡಿಂಗ್ ಮಾಡಿಸಿದ್ದರೆ ಆ ಗೋಡೆ ಇಲ್ಲ. ಹಳೇ ಅಂಗಡಿ, ಹಳೇ ಮನೆಗಳಲ್ಲಿ ಇದು ಮಾಮೂಲು. ಎರಡನೆಯದು ಐಪಿವಿ6. ಅದರಲ್ಲಿ ಪ್ರತಿ ಸಾಧನಕ್ಕೂ ತನ್ನದೇ ಪಬ್ಲಿಕ್ ವಿಳಾಸ ಸಿಗಬಹುದು, ಆಗ ರೌಟರ್‌ನ ಫೈರ್‌ವಾಲ್ ಒಂದೇ ಗತಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯ, ಅದೇ ಕ್ಯೂಆರ್ ಕೋಡ್ ದಾರಿ. ಈಗಿನ ಎರಡು ಸಾವಿರ ರೂಪಾಯಿ ಕ್ಯಾಮೆರಾಕ್ಕೆ ಪೋರ್ಟ್ ಗೀರ್ಟ್ ಏನೂ ಬೇಡ. ಅದು ಒಳಗಿನಿಂದಲೇ ಕಂಪನಿಯ ಸರ್ವರ್‌ಗೆ ಕರೆ ಮಾಡಿ 'ನಾನು ಇಂಥ ನಂಬರಿನ ಕ್ಯಾಮೆರಾ, ಇಲ್ಲಿದ್ದೀನಿ' ಅಂತ ಹೇಳ್ತಾ ಇರುತ್ತೆ. ನಿಮ್ಮ ಆ್ಯಪ್ ಆ ಸರ್ವರನ್ನ ಕೇಳುತ್ತೆ, ಸರ್ವರ್ ಇಬ್ಬರನ್ನೂ ಜೋಡಿಸುತ್ತೆ. ಅನುಕೂಲ ನಿಜ. ಆದರೆ ಆಗ ಭದ್ರತೆಯೆಲ್ಲ ಆ ನಂಬರ್ ಮತ್ತು ಪಾಸ್‌ವರ್ಡ್ ಮೇಲೆ ನಿಲ್ಲುತ್ತೆ. 2019ರಲ್ಲಿ ಪಾಲ್ ಮರಾಪೀಸ್ ಅನ್ನೋ ಸಂಶೋಧಕ ಐಲಿಂಕ್ ಪಿ2ಪಿ ಅನ್ನೋ ಇಂಥ ಒಂದು ತಂತ್ರಾಂಶದಲ್ಲಿ ಆ ನಂಬರುಗಳನ್ನ ಊಹಿಸಬಹುದು ಅಂತ ತೋರಿಸಿದ. ಬೇರೆ ಬೇರೆ ಬ್ರಾಂಡ್ ಹೆಸರಿನಲ್ಲಿ ಮಾರಾಟವಾದ 20 ಲಕ್ಷಕ್ಕೂ ಹೆಚ್ಚು ಸಾಧನಗಳು ಆ ಒಂದೇ ತಂತ್ರಾಂಶವನ್ನ ಬಳಸ್ತಿದ್ದವು. ಪೆಟ್ಟಿಗೆ ಮೇಲಿನ ಹೆಸರು ನೋಡಿ ಕೊಂಡವರಿಗೆ ಒಳಗಿರೋದು ಒಂದೇ ಅಂತ ಗೊತ್ತಾಗೋದು ಹೇಗೆ?

ಟಿವಿ ವಿಷಯ ಬೇಗ ಹೇಳಿ ಮುಗಿಸ್ತೀನಿ. 'ಎಲ್ಲಾ ಒಟಿಟಿ ಫ್ರೀ' ಅಂತ ಹೇಳಿ ಮಾರೋ ಹೆಸರಿಲ್ಲದ ಆ್ಯಂಡ್ರಾಯ್ಡ್ ಟಿವಿ ಬಾಕ್ಸ್ ದಯವಿಟ್ಟು ತಗೋಬೇಡಿ. ಬ್ಯಾಡ್‌ಬಾಕ್ಸ್ 2.0 ಅಂತ ಒಂದು ಜಾಲದ ಬಗ್ಗೆ ಅಮೆರಿಕದ ಎಫ್‌ಬಿಐ 2025ರ ಜೂನ್‌ನಲ್ಲಿ ಎಚ್ಚರಿಕೆ ಕೊಟ್ಟಿತು. ಮುಂದಿನ ತಿಂಗಳೇ ಗೂಗಲ್ ಅದರ ಹಿಂದಿರೋರ ಮೇಲೆ ಕೇಸು ಹಾಕಿತು, 1 ಕೋಟಿಗೂ ಹೆಚ್ಚು ಸಾಧನಗಳಿಗೆ ಸೋಂಕು ತಗುಲಿದೆ ಅಂತ. ಇವುಗಳಲ್ಲಿ ಎಷ್ಟೋ ಬಾಕ್ಸ್‌ಗಳಿಗೆ ಮಾಲ್‌ವೇರ್ ಫ್ಯಾಕ್ಟರಿಯಿಂದಲೇ ಬಂದಿತ್ತು. ಅಲ್ಲಿ ಪಾಸ್‌ವರ್ಡ್ ಬದಲಾಯಿಸಿ ಏನೂ ಪ್ರಯೋಜನ ಇಲ್ಲ. ಅಂಥ ಬಾಕ್ಸ್ ನಿಮ್ಮ ಮನೆಯ ಇಂಟರ್ನೆಟ್ಟನ್ನ ಬೇರೆಯವರಿಗೆ ಬಾಡಿಗೆಗೆ ಕೊಡುತ್ತೆ. ಯಾರೋ ಎಲ್ಲೋ ಮಾಡೋ ವಂಚನೆ ನಿಮ್ಮ ಐಪಿ ವಿಳಾಸದಿಂದ ಹೋಗುತ್ತೆ. ಪೊಲೀಸರ ನೋಟಿಸ್ ಬರೋದು ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರಿಗೆ, ಊರಲ್ಲಿ ಅದು ಅಪ್ಪನ ಹೆಸರಲ್ಲಿ ಇರುತ್ತೆ.

ಸ್ಮಾರ್ಟ್ ಬಲ್ಬು, ಗೀಸರ್ ಸ್ವಿಚ್ಚು ಇವುಗಳ ಬಗ್ಗೆ ನಾನು ಅಷ್ಟು ತಲೆ ಕೆಡಿಸಿಕೊಳ್ಳಲ್ಲ. ಅವನ್ನ ಗೆಸ್ಟ್ ವೈಫೈಗೆ ಹಾಕಿ ಸುಮ್ಮನಾಗಿ. ಕಣ್ಣು, ಕಿವಿ ಮತ್ತು ಬಾಗಿಲು ಇರೋ ಸಾಧನಗಳ ಕಡೆ ಗಮನ ಇರಲಿ: ಕ್ಯಾಮೆರಾ, ಮೈಕ್, ಸ್ಮಾರ್ಟ್ ಲಾಕ್. ಮತ್ತೆ ಇವೆಲ್ಲಕ್ಕೂ ಹೆಬ್ಬಾಗಿಲಾದ ರೌಟರ್.

ಲಾಕ್ ಅಂದಾಗ, ನಾವು ಇಲ್ಲಿ ಬಾಡಿಗೆಗೆ ಇರೋ ಫ್ಲಾಟುಗಳ ವಿಷಯಾನೂ ಬರುತ್ತೆ. 11 ತಿಂಗಳ ಅಗ್ರಿಮೆಂಟ್ ನಮ್ಮದು. ಒಂದು ಬಾಗಿಲಿನ ಸ್ಮಾರ್ಟ್ ಲಾಕ್‌ನಲ್ಲಿ ಹಿಂದಿನ ಮೂರು ಬಾಡಿಗೆದಾರರ ಬೆರಳಚ್ಚು, ಅವರ ಅಡುಗೆಯವರ ಪಿನ್, ಬ್ರೋಕರ್‌ನ ಪಿನ್ ಎಲ್ಲಾ ಹಾಗೇ ಇರಬಹುದು. ಮನೆಗೆ ಹೋದ ದಿನ ಹಾಲು ಉಕ್ಕಿಸೋದರ ಜೊತೆಗೆ ಓನರ್ ಹತ್ರ ಕೂತು ಲಾಕನ್ನ ಫ್ಯಾಕ್ಟರಿ ರೀಸೆಟ್ ಮಾಡಿಸಿ. ಅವರು ಬಿಟ್ಟುಹೋದ ರೌಟರ್ ಇದ್ದರೆ ಅದನ್ನೂ. ಫ್ಲಾಟ್ ಬಿಡುವಾಗ ನಿಮ್ಮ ಕ್ಯಾಮೆರಾ, ಟಿವಿ ಸ್ಟಿಕ್ ಮಾರ್ತೀರಲ್ಲ, ಅವನ್ನ ಮೊದಲು ನಿಮ್ಮ ಅಕೌಂಟಿನಿಂದ ತೆಗೆದು, ಆಮೇಲೆ ರೀಸೆಟ್ ಮಾಡಿ, ಮೆಮೊರಿ ಕಾರ್ಡ್ ಕಿತ್ತಿಟ್ಟುಕೊಂಡು ಕೊಡಿ.

ಈಗ ಊರಿನ ಕೆಲಸ. ಇದನ್ನ ಫೋನಿನಲ್ಲಿ ಮಾಡಿಸೋಕೆ ಹೋಗಬೇಡಿ ಅನ್ನೋದು ನನ್ನ ಅಭಿಪ್ರಾಯ. 'ಅಪ್ಪಾ, ರೌಟರ್ ತಿರುಗಿಸಿ ನೋಡಿ, ಹಿಂದೆ ಸ್ಟಿಕ್ಕರ್ ಇದೆ' ಅಂತ ಶುರುವಾದ ಮಾತು ಕನ್ನಡಕ ಹುಡುಕೋದರಲ್ಲಿ ಮುಗಿಯುತ್ತೆ. ಸ್ಕ್ರೀನ್ ಶೇರ್ ಮಾಡೋ ಆ್ಯಪ್ ಹಾಕಿಸೋದಂತೂ ಬೇಡವೇ ಬೇಡ. ಯಾರೋ ಫೋನಿನಲ್ಲಿ ಹೇಳಿದಾಗ ಅಂಥ ಆ್ಯಪ್ ಹಾಕೋದು ಮಾಮೂಲು ಅಂತ ಅವರಿಗೆ ಅಭ್ಯಾಸ ಆಗಬಾರದು. ಬ್ಯಾಂಕ್ ಹೆಸರಲ್ಲಿ ಫೋನ್ ಮಾಡೋ ಕಳ್ಳರು ಅದನ್ನೇ ಹೇಳೋದು. ದೀಪಾವಳಿಗೋ ಯುಗಾದಿಗೋ ಹೋಗ್ತೀರಲ್ಲ, ಆಗ ಒಂದು ಗಂಟೆ ಎತ್ತಿಡಿ.

ಮೊದಲು ಕ್ಯಾಮೆರಾ ಹಾಕಿದ ಹುಡುಗನನ್ನ ಚಹಾಕ್ಕೆ ಕರೆಯಿರಿ. ಜಗಳ ಬೇಡ, ಮುಂದೆ ರಿಪೇರಿಗೆ ಅವನೇ ಬೇಕು. ಅವನ ಅಕೌಂಟಿನಿಂದ ಸಾಧನವನ್ನ ಅಳಿಸೋಕೆ ಹೇಳಿ, ನಿಮ್ಮ ಎದುರಿಗೇ. ಆಮೇಲೆ ನಿಮ್ಮ ಇಮೇಲ್‌ನ ಅಕೌಂಟಿಗೆ ಸೇರಿಸಿ, ಎರಡು ಹಂತದ ಲಾಗಿನ್ ಇದ್ದರೆ ಆನ್ ಮಾಡಿ, ತಮ್ಮನಿಗೋ ತಂಗಿಗೋ ಅಲ್ಲಿಂದ ಶೇರ್ ಮಾಡಿ. ಡಿವಿಆರ್‌ನ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ. ಅದರಲ್ಲಿ ಬೇರೆ ಯೂಸರ್‌ಗಳ ಪಟ್ಟಿ ಇರುತ್ತೆ, ತೆರೆದು ನೋಡಿ. ಗುರುತಿಲ್ಲದ ಹೆಸರು ಇದ್ದರೆ ತೆಗೆಯಿರಿ.

ಹೊಸ ಪಾಸ್‌ವರ್ಡನ್ನ ಒಂದು ಚೀಟಿಯಲ್ಲಿ ಬರೆದು ಅಮ್ಮನ ಬೀರುವಿನಲ್ಲಿ ಇಡಿ. ಆಫೀಸಿನಲ್ಲಿ ಚೀಟಿ ತಪ್ಪು ಅಂತ ಕಲಿಸಿದ್ದಾರೆ, ಗೊತ್ತು. ಆದರೆ ಇಲ್ಲಿನ ಶತ್ರು ಬೇರೆ ಊರಲ್ಲೋ ಬೇರೆ ದೇಶದಲ್ಲೋ ಕೂತಿರೋನು. ಅಮ್ಮನ ಬೀರುವಿನ ಕೀಲಿ ಅವನ ಕೈಗೆ ಸಿಗಲ್ಲ. ನಮ್ಮ ಕೈಗೇ ಸಿಗಲ್ಲ.

ಆಮೇಲೆ ರೌಟರ್. ಬ್ರೌಸರ್‌ನಲ್ಲಿ 192.168.1.1 ಅಂತ ಹಾಕಿದರೆ ಸಾಮಾನ್ಯವಾಗಿ ಅದರ ಪುಟ ಬರುತ್ತೆ, ಬರದಿದ್ದರೆ ಹಿಂದಿನ ಸ್ಟಿಕ್ಕರ್‌ನಲ್ಲಿ ವಿಳಾಸ ಇರುತ್ತೆ. ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ. ಕೇಬಲ್‌ನವರು 'ಅದು ನಮ್ಮ ಹತ್ರನೇ ಇರಬೇಕು' ಅಂದರೆ, ಕನಿಷ್ಠ ಅದು 'ಅಡ್ಮಿನ್' ಅಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ರಿಮೋಟ್ ಮ್ಯಾನೇಜ್‌ಮೆಂಟ್, ಡಬ್ಲ್ಯೂಪಿಎಸ್, ಯುಪಿಎನ್‌ಪಿ ಈ ಮೂರನ್ನೂ ಆಫ್ ಮಾಡಿ. ಯುಪಿಎನ್‌ಪಿ ಆನ್ ಇದ್ದರೆ ಒಳಗಿರೋ ಯಾವ ಸಾಧನ ಬೇಕಾದ್ರೂ ನಿಮ್ಮನ್ನ ಕೇಳದೆ ಹೊರಗಡೆಗೆ ಬಾಗಿಲು ತೆಗೆಸಿಕೊಳ್ಳಬಹುದು. ಪೋರ್ಟ್ ಫಾರ್ವರ್ಡಿಂಗ್ ಪುಟದಲ್ಲಿ ಏನಾದ್ರೂ ಸಾಲು ಇದೆಯಾ ನೋಡಿ, ಇದ್ದರೆ ಯಾಕೆ ಅಂತ ಕೇಳಿ, ಉತ್ತರ ಬರದಿದ್ದರೆ ಅಳಿಸಿ. ಐಪಿವಿ6 ಇದ್ದರೆ ಅದರ ಫೈರ್‌ವಾಲ್ ಆನ್ ಇದೆಯಾ ಅಂತಲೂ ನೋಡಿ. ಗೆಸ್ಟ್ ನೆಟ್‌ವರ್ಕ್ ಮಾಡಿ ಟಿವಿ, ಕ್ಯಾಮೆರಾಗಳನ್ನ ಅದಕ್ಕೆ ಹಾಕಿ, ಬ್ಯಾಂಕಿಂಗ್ ಮಾಡೋ ಫೋನುಗಳು ಮುಖ್ಯ ವೈಫೈನಲ್ಲಿರಲಿ. ಫರ್ಮ್‌ವೇರ್ ಅಪ್‌ಡೇಟ್ ಇದ್ದರೆ ಮಾಡಿ, ಆ ಹೊತ್ತಿಗೆ ಕರೆಂಟ್ ಹೋಗದ ಹಾಗೆ ಯುಪಿಎಸ್‌ಗೆ ಹಾಕಿ.

ಇಷ್ಟೆಲ್ಲ ಮಾಡಿದ ಮೇಲೆ ಮನೆಯೊಳಗೆ ಒಂದು ಸುತ್ತು ಹಾಕಿ, ಕ್ಯಾಮೆರಾ ಎಲ್ಲೆಲ್ಲಿ ನೋಡ್ತಿದೆ ಅಂತ ಗಮನಿಸಿ. ಗೇಟು, ಮುಂಬಾಗಿಲು, ಹಿತ್ತಿಲಿನ ಬಾಗಿಲು ಸಾಕಲ್ವಾ? ಹಜಾರ, ಅಡುಗೆಮನೆ, ಮಲಗೋ ಕೋಣೆ ಯಾಕೆ? ಅಮ್ಮನನ್ನೇ ಕೇಳಿ ನೋಡಿ. ಎಷ್ಟೋ ಮನೆಗಳಲ್ಲಿ ಹಿರಿಯರು 'ಮಗ ಪ್ರೀತಿಯಿಂದ ಹಾಕಿಸಿದ್ದಾನೆ' ಅಂತ ಬಾಯಿಬಿಟ್ಟು ಹೇಳಲ್ಲ, ಆದರೆ ಕ್ಯಾಮೆರಾ ಮೇಲೆ ಟವೆಲ್ ಒಣಗಾಕಿರ್ತಾರೆ. ಆ ಟವೆಲ್ ಮಾತಾಡ್ತಿದೆ ಅಂತ ತಿಳ್ಕೊಳ್ಳಿ. ಮನೆಕೆಲಸಕ್ಕೆ ಬರೋ ಹೆಣ್ಣುಮಗಳಿಗೆ ಕ್ಯಾಮೆರಾ ಇರೋದು ಗೊತ್ತಾ? ಅವಳ ಒಪ್ಪಿಗೆ ಕೇಳಿದವರು ಯಾರಾದ್ರೂ ಇದ್ದಾರಾ? ರಾಜಕೋಟ್‌ನ ಆ ಕೋಣೆಗಳಲ್ಲಿ ಕ್ಯಾಮೆರಾನೇ ಇರದಿದ್ದರೆ ಪಾಸ್‌ವರ್ಡ್ ಏನಿದ್ದರೂ ಆ ಹೆಣ್ಣುಮಕ್ಕಳ ಮಾನ ಉಳೀತಿತ್ತು.

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. 2025ರ ಏಪ್ರಿಲ್ 9ರಿಂದ ನಮ್ಮ ದೇಶದಲ್ಲಿ ಮಾರಾಟಕ್ಕೆ ಬರೋ ಸಿಸಿಟಿವಿ ಕ್ಯಾಮೆರಾಗಳು ಭದ್ರತಾ ಪರೀಕ್ಷೆ ಪಾಸಾಗಬೇಕು ಅನ್ನೋ ನಿಯಮ ಇದೆ. ಬ್ರಿಟನ್ 2024ರ ಏಪ್ರಿಲ್‌ನಿಂದ ಎಲ್ಲಾ ಸಾಧನಕ್ಕೂ ಒಂದೇ ಫ್ಯಾಕ್ಟರಿ ಪಾಸ್‌ವರ್ಡ್ ಹಾಕೋದನ್ನ ಕಾನೂನಿನಲ್ಲೇ ನಿಷೇಧಿಸಿದೆ. ಒಳ್ಳೆಯದು, ಹೊಸದು ಕೊಳ್ಳುವಾಗ ಬಿಲ್ ಇರೋ, ಪ್ರಮಾಣಪತ್ರ ಇರೋ ಕ್ಯಾಮೆರಾನೇ ಕೇಳಿ. ಆದರೆ ಈಗಾಗಲೇ ಗೋಡೆ ಮೇಲಿರೋದು ನಮ್ಮದೇ ಜವಾಬ್ದಾರಿ. ಏನಾದ್ರೂ ಆಗಿದೆ ಅನ್ನೋ ಅನುಮಾನ ಬಂದರೆ ಮೊದಲು ಇಂಟರ್ನೆಟ್ ಕೇಬಲ್ ಕೀಳಿ, ರೆಕಾರ್ಡಿಂಗ್ ಅಳಿಸಬೇಡಿ, ಅದು ಸಾಕ್ಷಿ. ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಕೊಡಿ, ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಕೊನೇದಾಗಿ, ತುಂಬಾ ಜನ ಕೇಳೋ ಪ್ರಶ್ನೆ: 'ಡಿವಿಆರ್ ಎಂಟು ವರ್ಷ ಹಳೇದು, ಕಂಪನಿ ಅಪ್‌ಡೇಟ್ ಕೊಡೋದು ನಿಲ್ಲಿಸಿದೆ, ಏನ್ ಮಾಡೋದು?' ಎಸೆಯಬೇಕಾಗಿಲ್ಲ. ಅದರ ಹಿಂದಿನ ನೆಟ್‌ವರ್ಕ್ ಕೇಬಲ್ ಮಾತ್ರ ಕಿತ್ತುಬಿಡಿ. ರೆಕಾರ್ಡಿಂಗ್ ಹಾರ್ಡ್‌ಡಿಸ್ಕಿಗೆ ಹೋಗ್ತಾನೇ ಇರುತ್ತೆ, ಟಿವಿಗೆ ಹಾಕಿ ಅಪ್ಪ ನೋಡಬಹುದು, ಕಳ್ಳತನ ಆದರೆ ಪೊಲೀಸರಿಗೆ ಕೊಡಬಹುದು. ನಿಮಗೆ ಪುಣೆಯಲ್ಲಿ ಕೂತು ನೋಡೋಕೆ ಸಿಗಲ್ಲ, ಅಷ್ಟೇ. ಆಗ ಅಮ್ಮ ಫೋನ್ ಎತ್ತಲಿಲ್ಲ ಅಂದ್ರೆ ಪಕ್ಕದ ಮನೆಯವರಿಗೆ ಮಾಡಿ. ಅವರ ನಂಬರ್ ನಿಮ್ಮ ಹತ್ರ ಇದೆಯಾ, ಇವತ್ತೇ ನೋಡ್ಕೊಳ್ಳಿ.

ಸರಿ, ಈಗ ನಿಮ್ಮ ಪ್ರಶ್ನೆ ತಗೋತೀನಿ. ಆ ಕೊನೇ ಸಾಲಿನಲ್ಲಿ ಕೈ ಎತ್ತಿರೋರು, ಹೇಳಿ.